ಮನೋವೈದ್ಯರ ಉನ್ನತ ಶಿಕ್ಷಣ



ಶರೀರಕ್ಕೆ ಬರುವ ರೋಗಗಳ ವಿಷಯದಲ್ಲಿ ಜನಸಾಮಾನ್ಯರಿಗೂ ಈಗ ಒಂದು ವಿವೇಕವು ಉಂಟಾಗಿರುವದು. ಕಣ್ಣಿಗೆ ಪೊರೆ ಬಂದವನು ಎಲುಬಿನ ವೈದ್ಯನ ಬಾಗಿಲಿಗೆ ಹೋಗುವದಿಲ್ಲ. ಹೃದಯದ ವೇದನೆಯುಳ್ಳವನು ಹಲ್ಲಿನ ವೈದ್ಯನನ್ನು ಕೇಳುವದಿಲ್ಲ. ಆದರೆ ಮನಸ್ಸಿಗೆ ವ್ಯಾಧಿಯು ತಗಲಿದಾಗ ಮಾತ್ರ ಈ ವಿವೇಕವು ಎಲ್ಲಿಯೋ ಮಾಯವಾಗುವದು. ಹುಚ್ಚು ಎಂಬ ಒಂದೇ ಶಬ್ದದ ಮೂಟೆಯಲ್ಲಿ ಎಳೆಯ ಕೂಸಿನ ಮೌನವನ್ನೂ, ಬಾಣಂತಿಯ ಭ್ರಮೆಯನ್ನೂ, ಕುಡುಕನ ನಡುಕವನ್ನೂ, ಮುಪ್ಪಿನವರ ಮರೆವನ್ನೂ ಒಟ್ಟಿಗೆ ಕಟ್ಟಿಡುವದು ಲೋಕದ ರೂಢಿ. ಒಂದೇ ಹೆಸರಿನ ರೋಗಕ್ಕೆ ಒಬ್ಬನೇ ವೈದ್ಯನು ಸಾಕೆಂದು ಜನರು ತಿಳಿಯುವದು ಈ ರೂಢಿಯ ಫಲವೇ ಆಗಿದೆ. ಮನೋವೈದ್ಯರಾದವರು ಪದವಿಯನ್ನು ಪಡೆದ ಬಳಿಕವೂ ಮತ್ತೆ ಒಂದು ವರ್ಷವೋ ಮೂರು ವರ್ಷಗಳೋ ಗುರುಗಳ ಸನ್ನಿಧಿಯಲ್ಲಿ ಕುಳಿತು ಒಂದೊಂದು ಶಾಖೆಯನ್ನು ಪ್ರತ್ಯೇಕವಾಗಿ ಕಲಿಯುವರೆಂಬ ಸಂಗತಿಯು ಆದಕಾರಣ ಬಹುಜನರಿಗೆ ತಿಳಿದಿರುವದಿಲ್ಲ. ಇಂದಿನ ಭಾಷಣದ ವಿಷಯವು ಅದೇ.

ಈ ಶಿಕ್ಷಣದ ಚರಿತ್ರೆಯನ್ನು ಹೇಳಹೊರಟರೆ ಅದು ದೂರದ ದೇಶದ ಕಥೆಯಾಗದೆ ಕನ್ನಡನಾಡಿನ ಕಥೆಯೇ ಆಗುವದು. ಬೆಂಗಳೂರಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಥಾಪಿತವಾದ ಹುಚ್ಚರ ಆಸ್ಪತ್ರೆಯು 1925ರಲ್ಲಿ ಮೈಸೂರು ಸರಕಾರದ ಮಾನಸಿಕ ಆಸ್ಪತ್ರೆ ಎಂಬ ಹೆಸರನ್ನು ಪಡೆಯಿತು. ಹೆಸರು ಬದಲಾದದ್ದು ಸಣ್ಣ ಮಾತೆಂದು ತೋರಬಹುದು. ಆದರೆ ಕೂಡಿಹಾಕುವ ಮನೆಯು ವಾಸಿಮಾಡುವ ಮನೆಯಾಗಬೇಕೆಂಬ ಸಂಕಲ್ಪವು ಆ ಹೆಸರಿನಲ್ಲಿದ್ದಿತು. ಡಾಕ್ಟರ ಫ್ರಾಂಕ್ ನರೋನ್ಹರ ಕಾಲದಲ್ಲಿ ಅದಕ್ಕೆ ವಿಶಾಲವಾದ ಹೊಸ ಕಟ್ಟಡಗಳು ಎದ್ದವು. ಅವರ ತರುವಾಯ ಅದನ್ನು ನಡೆಸಿದ ಡಾಕ್ಟರ ಎಂ. ವಿ. ಗೋವಿಂದಸ್ವಾಮಿಗಳು ವಿದೇಶಗಳಿಗೆ ಹೋಗಿ ವಿದ್ಯೆಯನ್ನು ಕಲಿತು ಬಂದವರು. ಅಂದಿನ ದಿವಸಗಳಲ್ಲಿ ಬೇರೆ ದಾರಿಗಳು ಬಹು ವಿರಳ. ಮನೋವೈದ್ಯವನ್ನು ಶಾಸ್ತ್ರೋಕ್ತವಾಗಿ ಕಲಿಯಬೇಕೆನ್ನುವ ಭಾರತೀಯನು ಬಹುಮಟ್ಟಿಗೆ ಸಮುದ್ರವನ್ನು ದಾಟಬೇಕಾಗಿದ್ದಿತು. ಅಲ್ಲಿಯ ರೋಗಿಯ ಭಾಷೆ, ಅಲ್ಲಿಯ ಕುಟುಂಬದ ರೀತಿ, ಅಲ್ಲಿಯ ದುಃಖದ ಬಗೆ ಇವುಗಳನ್ನು ಕಲಿತು, ಇಲ್ಲಿಗೆ ಬಂದು ಎಲ್ಲವನ್ನೂ ಹೊಸದಾಗಿ ಯೋಚಿಸಬೇಕಾಗಿದ್ದಿತು.

1946ರಲ್ಲಿ ಪ್ರಕಟವಾದ ಭೋರ್ ಸಮಿತಿಯ ವರದಿಯು ಈ ಕೊರತೆಯನ್ನು ನಿಷ್ಠುರವಾಗಿ ಎತ್ತಿ ತೋರಿಸಿತು. ಇಷ್ಟು ದೊಡ್ಡ ದೇಶದಲ್ಲಿ ಮನೋರೋಗಿಗಳಿಗಾಗಿ ಇದ್ದ ಹಾಸಿಗೆಗಳು ಸುಮಾರು 10,000 ಮಾತ್ರ. ವೈದ್ಯರನ್ನು ತಯಾರಿಸುವ ಸಂಸ್ಥೆಯಂತೂ ಇಲ್ಲವೆಂದೇ ಹೇಳಬೇಕು. ಆ ವರದಿಯ ಸೂಚನೆಯಂತೆ 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಹುಟ್ಟಿತು. ಗೋವಿಂದಸ್ವಾಮಿಗಳೇ ಅದರ ಮೊದಲನೆಯ ನಿರ್ದೇಶಕರು. 1955ರಿಂದ ವೈದ್ಯರಿಗೆ ಮನೋವೈದ್ಯದ ಡಿಪ್ಲೋಮಾ ಶಿಕ್ಷಣವು ಪ್ರಾರಂಭವಾಯಿತು. 1974ರ ದಶಂಬರ 27ರಂದು ಹಳೆಯ ಆಸ್ಪತ್ರೆಯೂ ಹೊಸ ಸಂಸ್ಥೆಯೂ ಒಂದಾಗಿ, ಇಂದು ಹಳ್ಳಿಯ ಮುದುಕಿಯ ಬಾಯಲ್ಲಿಯೂ ನಿಮ್ಹಾನ್ಸ್ ಎಂದೇ ಕರೆಯಲ್ಪಡುವ ರಾಷ್ಟ್ರೀಯ ಸಂಸ್ಥೆಯಾಯಿತು. 2012ರಲ್ಲಿ ಸಂಸತ್ತು ಅದಕ್ಕೆ ರಾಷ್ಟ್ರೀಯ ಮಹತ್ವದ ಸಂಸ್ಥೆ ಎಂಬ ಸ್ಥಾನವನ್ನು ಕೊಟ್ಟಿತು.

ಈಗ ಮನೋವೈದ್ಯನಾಗುವ ಮಾರ್ಗವು ಎಷ್ಟು ದೀರ್ಘವಾಗಿದೆಯೆಂಬದನ್ನು ನೋಡತಕ್ಕದ್ದು. ವೈದ್ಯಪದವಿಗೆ ಐದೂವರೆ ವರ್ಷಗಳು. ಇದರಲ್ಲಿ ಮನೋರೋಗಗಳ ಅಭ್ಯಾಸಕ್ಕೆ ಸಿಕ್ಕುವದು ಕೆಲವೇ ವಾರಗಳು. ಅನಂತರ ಮನೋವೈದ್ಯದಲ್ಲಿ ಎಂ.ಡಿ. ಪದವಿಗೆ ಮೂರು ವರ್ಷಗಳು. ಇಷ್ಟಾದರೆ ಅವನು ಸ್ವತಂತ್ರನಾದ ಮನೋವೈದ್ಯನು. ಇದರ ಮೇಲೆ ಒಂದು ಶಾಖೆಯಲ್ಲಿ ನೈಪುಣ್ಯವನ್ನು ಬಯಸುವವರಿಗೆ ಎರಡು ದಾರಿಗಳಿರುವವು: ಮೂರು ವರ್ಷಗಳ ಡಿ.ಎಂ. ಪದವಿ ಒಂದು, ಸಾಮಾನ್ಯವಾಗಿ ಒಂದು ವರ್ಷದ ಫೆಲೋಶಿಪ್ ಶಿಕ್ಷಣವು ಇನ್ನೊಂದು. ಮಕ್ಕಳ ಮನೋವೈದ್ಯ, ವ್ಯಸನಗಳ ಚಿಕಿತ್ಸೆ, ಸ್ತ್ರೀಯರ ಮಾನಸಿಕ ಆರೋಗ್ಯ, ಗೀಳುರೋಗ, ನ್ಯಾಯಾಲಯ ಸಂಬಂಧವಾದ ಮನೋವೈದ್ಯ, ಸಮುದಾಯ ಮನೋವೈದ್ಯ ಮುಂತಾದವು ಇಂಥ ಶಾಖೆಗಳು. ಅಮೇರಿಕೆಯಲ್ಲಿ ಮಕ್ಕಳ ಮನೋವೈದ್ಯಕ್ಕೆ ಪ್ರತ್ಯೇಕವಾದ ಪ್ರಮಾಣಪತ್ರವನ್ನು 1959ರಲ್ಲಿಯೇ ಕೊಡತೊಡಗಿದರು. ವೃದ್ಧರ ಮನೋವೈದ್ಯಕ್ಕೆ ಅದು 1991ರಲ್ಲಿ ಬಂದಿತು. ಮನುಷ್ಯನು ಮೊದಲು ಮಗುವನ್ನು ಕಂಡು, ಮುದುಕನನ್ನು ಮೂವತ್ತು ವರ್ಷಗಳ ತರುವಾಯ ಕಂಡನೆಂದರೆ ಆಶ್ಚರ್ಯವೇನೂ ಇಲ್ಲ; ಮನೆಗಳಲ್ಲಿಯೂ ಅದೇ ರೀತಿ ನಡೆಯುವದಷ್ಟೆ.

ಫೆಲೋಶಿಪ್ ಎಂದೊಡನೆ ಪುಸ್ತಕಗಳ ರಾಶಿಯನ್ನು ಯಾರೂ ಕಲ್ಪಿಸಿಕೊಳ್ಳಬಾರದು. ಪುಸ್ತಕದ ವಿದ್ಯೆಯು ಎಂ.ಡಿ.ಯೊಡನೆ ಬಹುಮಟ್ಟಿಗೆ ಮುಗಿದಿರುವದು. ಇಲ್ಲಿಯದು ಸನ್ನಿಧಿಯ ವಿದ್ಯೆ. ಒಂದೇ ಬಗೆಯ ರೋಗಿಗಳನ್ನು ವರ್ಷವಿಡೀ ನೋಡುವದು, ನೋಡಿದ್ದನ್ನು ಹಿರಿಯರ ಮುಂದೆ ಒಪ್ಪಿಸುವದು, ತಾನು ತಪ್ಪು ತಿಳಿದಲ್ಲಿ ಅವರಿಂದ ತಿದ್ದಿಸಿಕೊಳ್ಳುವದು, ಮತ್ತೆ ರೋಗಿಯ ಬಳಿಗೆ ಹೋಗುವದು. ಸಾಮಾನ್ಯ ವೈದ್ಯನು ಹತ್ತು ವರ್ಷಗಳಲ್ಲಿ ಕಾಣಬಹುದಾದ ವಿರಳ ರೋಗವನ್ನು ಇಲ್ಲಿ ಒಂದು ವರ್ಷದೊಳಗೆ ಹಲವು ಸಲ ಕಾಣಬಹುದು. ಕಮ್ಮಾರನ ಮಗನು ಕಬ್ಬಿಣದ ಕಾವನ್ನು ಬಣ್ಣದಿಂದ ಅರಿಯುವದು ಓದಿನಿಂದಲ್ಲ, ತಂದೆಯ ಕುಲುಮೆಯ ಮುಂದೆ ನಿಂತುದರಿಂದ.

ಇದರ ಪ್ರಯೋಜನವು ಯಾವ ತೆರನಾದದ್ದೆಂಬದಕ್ಕೆ ಒಂದು ಶಾಖೆಯನ್ನು ಸ್ವಲ್ಪ ವಿಸ್ತಾರವಾಗಿ ವಿವರಿಸುವದು ಯುಕ್ತ. ತಾಯಂದಿರು ಹೆಚ್ಚಾಗಿ ನೆರೆದಿರುವ ಈ ಸಭೆಯಲ್ಲಿ ಬಾಣಂತಿಸನ್ನಿಯ ಹೆಸರನ್ನು ಕೇಳದವರು ಇರಲಾರರು. ಸಾವಿರ ಹೆರಿಗೆಗಳಲ್ಲಿ ಒಂದೆರಡರ ತರುವಾಯ, ಬಹುತರವಾಗಿ ಮೊದಲ ಎರಡು ವಾರಗಳೊಳಗೆ, ಈ ರೋಗವು ಥಟ್ಟನೆ ಬಂದೆರಗುವದು. ನಿದ್ರೆಯು ಹಾರಿಹೋಗುವದು, ಮಾತು ಅಸಂಬದ್ಧವಾಗುವದು, ಕೂಸು ತನ್ನದಲ್ಲವೆಂದೋ, ಅದಕ್ಕೆ ಕೇಡು ಕಾದಿದೆಯೆಂದೋ ತಾಯಿಗೆ ತೋರುವದು. ಒಂದು ಗಳಿಗೆಯಲ್ಲಿ ಸರಿಯಾಗಿದ್ದವಳು ಇನ್ನೊಂದು ಗಳಿಗೆಯಲ್ಲಿ ಬೇರೆಯೇ ಆಗಿರುವದರಿಂದ ಮನೆಯವರು ಇದನ್ನು ಸೋಂಕೆಂದೂ ಗಾಳಿಯೆಂದೂ ಎಣಿಸುವದು ಸಹಜವೇ. ಆದರೆ ಇಲ್ಲಿ ಕಳೆಯುವ ಒಂದೊಂದು ದಿವಸಕ್ಕೂ ಎರಡು ಜೀವಗಳ ಬೆಲೆಯಿದೆ.

ಮನೋವೈದ್ಯನಿಗಾದರೂ ಇದು ಸುಲಭದ ರೋಗವಲ್ಲ. ಮೊಟ್ಟಮೊದಲು ಇದು ಮನಸ್ಸಿನದೇ ಹೌದೋ ಎಂಬದನ್ನು ನಿಶ್ಚಯಿಸಬೇಕು. ಬಾಣಂತನದಲ್ಲಿ ಮಿದುಳಿನ ಅಭಿಧಮನಿಗಳಲ್ಲಿ ರಕ್ತವು ಹೆಪ್ಪುಗಟ್ಟುವ ಒಂದು ವ್ಯಾಧಿಯುಂಟು. ಅದರಲ್ಲಿಯೂ ತಲೆನೋವು, ಸೆಳವು, ಮತಿಭ್ರಮಣೆಗಳು ತೋರುವವು. ಭಾರತದಲ್ಲಿ ಈ ವ್ಯಾಧಿಯು ಹೆಚ್ಚಾಗಿ ಕಂಡುಬಂದಿರುವದು. ಬಾಣಂತಿಗೆ ನೀರನ್ನು ಕೊಟ್ಟರೆ ಹೊಟ್ಟೆ ಬರುವದೆಂದು, ಶೀತವಾಗುವದೆಂದು ಅನೇಕ ಮನೆಗಳಲ್ಲಿ ನೀರನ್ನು ಅಳೆದು ಕೊಡುವ ಪದ್ಧತಿಯಿದೆಯಷ್ಟೆ. ದೇಹದಲ್ಲಿ ನೀರು ಬತ್ತಿದರೆ ರಕ್ತವು ಹೆಪ್ಪುಗಟ್ಟುವ ಸಂಭವವು ಹೆಚ್ಚು. ಈ ಭೇದವನ್ನರಿಯದೆ ಮನೋರೋಗದ ಗುಳಿಗೆಗಳನ್ನು ಕೊಟ್ಟು ಕುಳಿತರೆ ಬಾಣಂತಿಯ ಪ್ರಾಣಕ್ಕೇ ಸಂಚಕಾರ.

ಇನ್ನು ಔಷಧದ ಮಾತು. ಚಿತ್ತದ ಏರಿಳಿತಕ್ಕೆ ಲಿಥಿಯಂ ಎಂಬುದು ಬಹು ಗುಣಕಾರಿಯಾದ ಲವಣ. ಆದರೆ ನೀರು ಕಡಿಮೆಯಾದ ದೇಹದಲ್ಲಿ ಅದೇ ವಿಷವಾಗಿ ಪರಿಣಮಿಸುವದು. ತಾಯಿಯ ಹಾಲಿನಲ್ಲಿ ಇಳಿದು ಕೂಸನ್ನೂ ಮುಟ್ಟುವದು. ನೀರು ಕೊಡದ ಮನೆಗೆ ಲಿಥಿಯಂ ಬರೆದುಕೊಡುವ ವೈದ್ಯನು ಮೊದಲು ಅತ್ತೆಯೊಡನೆ ಮಾತನಾಡಬೇಕು. ವಾಲ್‌ಪ್ರೋಯೇಟ್ ಎಂಬ ಇನ್ನೊಂದು ಔಷಧವನ್ನು ಗರ್ಭಿಣಿಯು ಸೇವಿಸಿದರೆ ಹುಟ್ಟುವ ಮಕ್ಕಳಲ್ಲಿ ನೂರಕ್ಕೆ ಸುಮಾರು 10ಕ್ಕೆ ಅಂಗವೈಕಲ್ಯ ಬರುವದು. ಸಾಮಾನ್ಯವಾಗಿ ಅದು 2 ಅಥವಾ 3 ಮಾತ್ರ. ಬುದ್ಧಿಯ ಬೆಳವಣಿಗೆ ಕುಂಠಿತವಾಗುವ ಮಕ್ಕಳ ಸಂಖ್ಯೆಯು ಇದಕ್ಕಿಂತ ಅಧಿಕ. ಆದಕಾರಣ ಮದುವೆಯ ವಯಸ್ಸಿನ ಹೆಣ್ಣುಮಗಳಿಗೆ ಮದ್ದು ಬರೆಯುವಾಗಲೇ, ಅವಳು ಮುಂದೆ ತಾಯಿಯಾಗುವಳೆಂಬ ಎಚ್ಚರವು ವೈದ್ಯನಿಗೆ ಇರಬೇಕು. ಹಾಗೆಂದು ಹೆದರಿ ಎಲ್ಲ ಮದ್ದನ್ನೂ ನಿಲ್ಲಿಸಿಬಿಟ್ಟರೆ ರೋಗವು ಮರುಕಳಿಸುವದು. ಉನ್ಮಾದ ಖಿನ್ನತೆಗಳ ರೋಗವನ್ನು ಮೊದಲೇ ಅನುಭವಿಸಿದ ಸ್ತ್ರೀಯರಲ್ಲಿ ಸುಮಾರು ಐವರಿಗೊಬ್ಬಳು ಹೆರಿಗೆಯ ತರುವಾಯ ತೀವ್ರವಾಗಿ ಬಳಲುವಳು. ಎತ್ತ ಸರಿದರೂ ಕಂದಕ. ನಡುವಿನ ದಾರಿಯನ್ನು ತೋರಿಸಲು ಆ ದಾರಿಯಲ್ಲಿ ನಡೆದವರೇ ಬೇಕು.

ಇದೆಲ್ಲಕ್ಕಿಂತ ಕಠಿನವಾದ ಪ್ರಶ್ನೆಯು ಕೂಸಿನದು. ತಾಯಿಯನ್ನು ಆಸ್ಪತ್ರೆಗೆ ಸೇರಿಸಿದರೆ ಕೂಸು ಎಲ್ಲಿ? ಹಿಂದೆ ಅದನ್ನು ಅಗಲಿಸಿ ಅಜ್ಜಿಯ ಕೈಗೆ ಒಪ್ಪಿಸುತ್ತಿದ್ದರು. ತಾಯಿ ಗುಣವಾಗಿ ಬಂದಾಗ ಕೂಸಿಗೆ ಅವಳ ಗುರುತೇ ಇರುತ್ತಿದ್ದಿಲ್ಲ, ಎದೆಯ ಹಾಲೂ ಬತ್ತಿರುತ್ತಿದ್ದಿತು. 2009ರಲ್ಲಿ ನಿಮ್ಹಾನ್ಸಿನಲ್ಲಿ ತಾಯಿಮಕ್ಕಳನ್ನು ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ಮಾಡುವ ವಿಭಾಗವು ಪ್ರಾರಂಭವಾಯಿತು. ದಕ್ಷಿಣ ಏಷ್ಯದಲ್ಲಿಯೇ ಅದು ಮೊದಲನೆಯದು. ಅಲ್ಲಿ ಕಲಿಯುವ ಫೆಲೋ ವೈದ್ಯರು ಮದ್ದಿನ ಪ್ರಮಾಣದ ಜೊತೆಗೆ, ತಾಯಿಯು ಕೂಸನ್ನು ಎತ್ತಿಕೊಳ್ಳುವ ರೀತಿಯನ್ನೂ, ಅದರ ಕಣ್ಣಿಗೆ ಕಣ್ಣಿಡುವಳೋ ಇಲ್ಲವೋ ಎಂಬದನ್ನೂ ನೋಡಿ ತಿಳಿಯಬೇಕು. ರೋಗಿಯೊಡನೆ ಬಂಧುಗಳನ್ನು ಇರಿಸಿಕೊಳ್ಳುವ ಈ ಪದ್ಧತಿಯ ಮೂಲವನ್ನು ಭಾರತದಲ್ಲಿ ಹುಡುಕುವದಾದರೆ ಅಮೃತಸರದ ಡಾಕ್ಟರ ವಿದ್ಯಾಸಾಗರರನ್ನು ನೆನೆಯಬೇಕು. 1950ರ ದಶಕದಲ್ಲಿ ಅವರು ತಮ್ಮ ಮಾನಸಿಕ ಆಸ್ಪತ್ರೆಯ ಅಂಗಳದಲ್ಲಿ ಡೇರೆಗಳನ್ನು ಹಾಕಿಸಿ ರೋಗಿಯ ಬಂಧುಬಾಂಧವರನ್ನು ಅಲ್ಲಿಯೇ ಇರಿಸಿಕೊಂಡರು. ಮನೆಯವರು ಕಣ್ಣಾರೆ ಕಂಡು ಕಲಿತರು. ರೋಗಿಗಳು ಬೇಗನೆ ಮನೆಗೆ ಮರಳಿದರು.

ಉಳಿದ ಶಾಖೆಗಳನ್ನು ಕುರಿತು ನಾಲ್ಕು ಮಾತುಗಳು ಸಾಕು. ನಿತ್ಯ ಕುಡಿಯುವವನು ಒಮ್ಮೆಲೆ ನಿಲ್ಲಿಸಿದರೆ ಎರಡು ಮೂರು ದಿವಸಗಳಲ್ಲಿ ನಡುಕವೂ ಭ್ರಾಂತಿಯೂ ಸೆಳವೂ ಬರಬಹುದು. ಅವನಿಗೆ ಥಯಮಿನ್ ಎಂಬ ಜೀವಸತ್ವವನ್ನು ಕೊಡದೆ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಶಾಶ್ವತವಾದ ಹಾನಿಯಾಗಬಹುದು. ಇಷ್ಟು ಚಿಕ್ಕ ಸಂಗತಿಯನ್ನು ತಿಳಿದ ಒಬ್ಬ ವೈದ್ಯನು ತಾಲೂಕಿನ ಆಸ್ಪತ್ರೆಯಲ್ಲಿದ್ದರೆ ಒಂದು ಸಂಸಾರವು ಉಳಿಯುವದು. ಗೀಳುರೋಗದವನು ಕೈಯನ್ನು ನೂರು ಸಲ ತೊಳೆಯುವನು; ಮನೆಯವರು ಅದನ್ನು ಮಡಿಯೆಂದು ತಿಳಿದು ವರ್ಷಗಟ್ಟಲೆ ಸುಮ್ಮನಿರುವರು. ಅವನಿಗೆ ಮದ್ದನ್ನು ಹೆಚ್ಚಿನ ಪ್ರಮಾಣದಲ್ಲಿ, ಎರಡು ಮೂರು ತಿಂಗಳು ತಾಳ್ಮೆಯಿಂದ ಕೊಟ್ಟು ನೋಡಬೇಕು. ಅದರೊಡನೆ ಮೈಲಿಗೆಯೆಂದು ಅಂಜುವದನ್ನು ಮುಟ್ಟಿಸಿ, ತೊಳೆಯದೆ ತಡೆದು, ಅಂಜಿಕೆಯು ತಾನಾಗಿ ಇಳಿಯುವದನ್ನು ಅವನಿಗೇ ಕಾಣಿಸುವ ಒಂದು ಕ್ರಮವುಂಟು. ಈ ಕ್ರಮವನ್ನು ಓದಿದವರು ಬಹಳ, ಮಾಡಬಲ್ಲವರು ಕಡಿಮೆ. ವೃದ್ಧರಲ್ಲಿ ಮರೆವಿನ ರೋಗವು ವರ್ಷಗಳಲ್ಲಿ ಬೆಳೆಯುವದು. ಎರಡೇ ದಿವಸಗಳಲ್ಲಿ ಬುದ್ಧಿ ಕಲಕಿದರೆ ಅದು ಮೂತ್ರದ ಸೋಂಕೋ, ಪುಪ್ಪುಸದ ರೋಗವೋ, ಮದ್ದಿನ ದೋಷವೋ ಆಗಿರಬಹುದು. ಅಜ್ಜನಿಗೆ ಅರಳು ಮರಳು ಎಂದು ಸುಮ್ಮನಾದ ಮನೆಗಳಲ್ಲಿ ಗುಣವಾಗಬಹುದಾಗಿದ್ದ ರೋಗಗಳು ಗುಣವಾಗದೆ ಹೋಗಿರುವವು. ನ್ಯಾಯಾಲಯದ ಶಾಖೆಯಂತೂ ಬಹು ಸೂಕ್ಷ್ಮವಾದದ್ದು. ಅಪರಾಧ ಮಾಡಿದ ಕ್ಷಣದಲ್ಲಿ ಆರೋಪಿಗೆ ತನ್ನ ಕೃತ್ಯದ ಸ್ವರೂಪವು ತಿಳಿದಿದ್ದಿತೋ ಎಂಬ ಪ್ರಶ್ನೆಯು ಭಾರತೀಯ ದಂಡಸಂಹಿತೆಯ 84ನೆಯ ಕಲಮಿನಲ್ಲಿದ್ದಿತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 22ನೆಯ ಕಲಮಿನಲ್ಲಿದೆ. ತಿಂಗಳುಗಳ ತರುವಾಯ ಸೆರೆಮನೆಯಲ್ಲಿ ಕಂಡ ಮನುಷ್ಯನನ್ನು ನೋಡಿ ಅಂದಿನ ಅವನ ಮನಸ್ಸನ್ನು ಹೇಳಬೇಕಾದ ವೈದ್ಯನ ಕಷ್ಟವನ್ನು ಸಭಿಕರೇ ಊಹಿಸಬಹುದು.

ಈ ಎಲ್ಲ ಶಾಖೆಗಳಿಗೂ ಸಮಾನವಾದ ಒಂದು ಪಾಠವಿದೆ, ಅದು ಭಾಷೆಯದು. ಬೆಂಗಳೂರಿಗೆ ಕಲಿಯಲು ಬರುವ ವೈದ್ಯರು ಭಾರತದ ಎಲ್ಲ ಮೂಲೆಗಳವರು. ರೋಗಿಯಾದರೋ ರಾಯಚೂರಿನವನು, ಚಾಮರಾಜನಗರದವನು. ಅವನು ತನಗೆ ಖಿನ್ನತೆಯಾಗಿದೆಯೆಂದು ಹೇಳುವದಿಲ್ಲ. ಎದೆ ಉರಿಯುತ್ತದೆ, ತಲೆ ಭಾರ, ಕೈಕಾಲಿನಲ್ಲಿ ಶಕ್ತಿಯಿಲ್ಲ, ಯಾವುದರಲ್ಲಿಯೂ ಮನಸ್ಸಿಲ್ಲ ಎನ್ನುವನು. ಹೊಟ್ಟೆಯ ರೋಗಕ್ಕೆ ಹೊಟ್ಟೆಯನ್ನು ಒತ್ತಿ ನೋಡಬಹುದು. ಮನಸ್ಸಿನ ರೋಗಕ್ಕೆ ಮಾತಲ್ಲದೆ ಬೇರೆ ನಾಡಿಯಿಲ್ಲ. ಕನ್ನಡವನ್ನು ಕಲಿಯದೆ ಕನ್ನಡಿಗನ ಮನೋವ್ಯಥೆಯನ್ನು ಅಳೆಯುವೆನೆಂಬವನು ದುಭಾಷಿಯ ಮನೋವ್ಯಥೆಯನ್ನು ಅಳೆದಾನು.

ಈಗ ಒಂದು ಆಕ್ಷೇಪಣೆಯನ್ನು ವಿಚಾರಿಸತಕ್ಕದ್ದು. ಅದು ಬಲವಾದ ಆಕ್ಷೇಪಣೆ. ಊರಿಗೆ ಕುಡಿಯುವ ನೀರಿಲ್ಲದಿರುವಾಗ ಕಾರಂಜಿಯನ್ನು ಕಟ್ಟಿಸುವದೇಕೆ, ಸಾಮಾನ್ಯ ಮನೋವೈದ್ಯರೇ ಸಾಲದಿರುವಾಗ ವಿಶೇಷಜ್ಞರೇಕೆ, ಎಂದು ಕೇಳುವವರುಂಟು. 2015-16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು ವಯಸ್ಕರಲ್ಲಿ ನೂರಕ್ಕೆ 10.6 ಜನರು ಯಾವುದಾದರೊಂದು ಮನೋವ್ಯಾಧಿಯಿಂದ ಬಳಲುತ್ತಿರುವರೆಂದು ಕಂಡಿತು. ರೋಗಭೇದಕ್ಕೆ ಅನುಸಾರವಾಗಿ ಅವರಲ್ಲಿ ನೂರಕ್ಕೆ 70ರಿಂದ 92ರಷ್ಟು ಜನರಿಗೆ ಚಿಕಿತ್ಸೆಯೇ ಮುಟ್ಟಿದ್ದಿಲ್ಲ. ಒಂದು ಲಕ್ಷ ಜನಕ್ಕೆ ಒಬ್ಬ ಮನೋವೈದ್ಯನೂ ಪೂರ್ತಿಯಾಗಿ ಇಲ್ಲದ ರಾಜ್ಯಗಳೇ ಹೆಚ್ಚು. ಈ ಆಕ್ಷೇಪಣೆಯಲ್ಲಿ ಅರ್ಧ ಸತ್ಯವಿದೆ. ಫೆಲೋಶಿಪ್ಪನ್ನು ಮುಗಿಸಿದ ವೈದ್ಯನು ಮಹಾನಗರದ ಒಂದು ಬೀದಿಯಲ್ಲಿ ಫಲಕವನ್ನು ತೂಗಹಾಕಿ, ಉಳ್ಳವರನ್ನೇ ನೋಡುತ್ತ ಕುಳಿತರೆ ಸಮಾಜವು ಅವನಿಗಾಗಿ ಮಾಡಿದ ವ್ಯಯವು ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆ. ಹಾಗೆ ಆಗುತ್ತಿಲ್ಲವೆಂದು ಹೇಳುವ ಧೈರ್ಯವು ಯಾರಿಗೂ ಇರಲಾರದು.

ಆದರೆ ಉಳಿದರ್ಧವು ಬೇರೆ. ಒಬ್ಬ ವಿಶೇಷಜ್ಞನು ನೂರು ಸಾಮಾನ್ಯ ವೈದ್ಯರಿಗೆ ಕಲಿಸಬಲ್ಲನು. ಹಾಗೆ ಕಲಿಸುವದನ್ನೇ ಒಂದು ವಿದ್ಯೆಯನ್ನಾಗಿ ಮಾಡಿರುವದು ಸಮುದಾಯ ಮನೋವೈದ್ಯದ ಫೆಲೋಶಿಪ್ಪು. ಇದರ ಹಿಂದೆ ಬಳ್ಳಾರಿಯ ಕೀರ್ತಿಯಿದೆ. 1970ರ ದಶಕದಲ್ಲಿ ಬೆಂಗಳೂರಿನ ಹತ್ತಿರದ ಸಕಲವಾರದಲ್ಲಿಯೂ, ಚಂದೀಗಡದ ವೈದ್ಯರಿಂದ ಹರಿಯಾಣದ ರಾಯಪುರ ರಾಣಿಯಲ್ಲಿಯೂ, ಹಳ್ಳಿಯ ಆರೋಗ್ಯಕೇಂದ್ರದ ಸಾಮಾನ್ಯ ವೈದ್ಯರೂ ಕಾರ್ಯಕರ್ತರೂ ಮನೋರೋಗಗಳನ್ನು ಗುರುತಿಸಿ ಮದ್ದು ಕೊಡಬಲ್ಲರೇ ಎಂದು ಪರೀಕ್ಷಿಸಿ ನೋಡಿದರು. ಬಲ್ಲರೆಂದು ತಿಳಿದುಬಂದಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವು ಹುಟ್ಟಿತು. 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸಿನವರು ಇದನ್ನು ಇಡೀ ಜಿಲ್ಲೆಯ ಮಟ್ಟದಲ್ಲಿ ನಡೆಸಿ ತೋರಿಸಿದರು. 1996ರಲ್ಲಿ ಭಾರತ ಸರಕಾರವು ಇತರ ಜಿಲ್ಲೆಗಳಿಗೂ ಅದನ್ನು ವಿಸ್ತರಿಸಲು ಪ್ರಾರಂಭಿಸಿದಾಗ ಮಾದರಿಯಾದದ್ದು ಬಿಸಿಲು ನಾಡಿನ ಈ ಜಿಲ್ಲೆಯೇ. ಹಳ್ಳಿಯ ವೈದ್ಯನು ಸುಲಭವಾದದ್ದನ್ನು ತಾನೇ ನೋಡಿಕೊಂಡು, ಕಠಿನವಾದದ್ದನ್ನು ಮೇಲಕ್ಕೆ ಕಳುಹಿಸುವದು ಈ ಕ್ರಮದ ಮರ್ಮ. ಮೇಲೆ ಕಠಿನವಾದದ್ದನ್ನು ಬಲ್ಲವನು ಇಲ್ಲದಿದ್ದರೆ ಕೆಳಗಿನವನ ಕೈ ನಡುಗುವದು. ಬಾಣಂತಿಸನ್ನಿಯ ಹೆಣ್ಣುಮಗಳನ್ನು ತಾಲೂಕಿನ ವೈದ್ಯನು ಎಲ್ಲಿಗೆ ಕಳುಹಿಸಬೇಕು?

ಮಠಮಾನ್ಯಗಳ ಭಕ್ತರಿಗೆ ಈ ವಿಷಯವು ಇನ್ನೊಂದು ದಾರಿಯಿಂದಲೂ ಸಂಬಂಧಪಟ್ಟಿದೆ. ಮನಸ್ಸು ಕೆಟ್ಟವರನ್ನು ಬಂಧುಗಳು ಮೊದಲು ಕರೆದೊಯ್ಯುವದು ಆಸ್ಪತ್ರೆಗಲ್ಲ. ಗುಡಿಗೆ, ಮಠಕ್ಕೆ, ದರ್ಗಾಕ್ಕೆ. ಇದನ್ನು ಹಳಿಯುವವರು ಅನೇಕರು. ಆದರೆ ನಿಮ್ಹಾನ್ಸಿನ ವೈದ್ಯರೇ ತಮಿಳುನಾಡಿನ ಮುತ್ತುಸ್ವಾಮಿಯ ಗುಡಿಯೊಂದರಲ್ಲಿ ಇಳಿದುಕೊಂಡಿದ್ದ 31 ಮನೋರೋಗಿಗಳನ್ನು ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಅಲ್ಲಿ ವಿಶೇಷವಾದ ಯಾವ ಪೂಜೆಯಾಗಲಿ, ಮದ್ದಾಗಲಿ ಇದ್ದಿಲ್ಲ. ರೋಗಿಗಳು ಮನೆಯವರೊಬ್ಬರ ಸಂಗಡ ಇದ್ದು ಗುಡಿಯ ಸಣ್ಣಪುಟ್ಟ ಕೆಲಸಗಳನ್ನು ಮಾಡಿಕೊಂಡಿದ್ದರು. ಸರಾಸರಿ ಆರು ವಾರಗಳಲ್ಲಿ ಅವರ ರೋಗಲಕ್ಷಣಗಳ ಅಳತೆಯು ನೂರಕ್ಕೆ 20ರಷ್ಟು ಇಳಿದಿದ್ದಿತು. ಆದರದ ನೆರಳು, ಕೈಗೊಂದು ಕಾಯಕ, ಜೊತೆಗೊಬ್ಬ ಬಂಧು, ಇವುಗಳಲ್ಲಿಯೂ ಔಷಧಗುಣವಿದೆಯೆಂದು ಆ ವೈದ್ಯರು ಮುಚ್ಚುಮರೆಯಿಲ್ಲದೆ ಬರೆದರು.

ಆದರೆ ಅದೇ ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ 6ರ ಬೆಳಗಿನ ಜಾವ ಏನಾಯಿತೆಂಬದನ್ನೂ ಮರೆಯಬಾರದು. ದರ್ಗಾದ ಆಶ್ರಯವನ್ನು ಅರಸಿ ಬಂದಿದ್ದ ರೋಗಿಗಳನ್ನು ಖಾಸಗಿಯ ಗುಡಿಸಲಿನಲ್ಲಿ ಸರಪಣಿಯಿಂದ ಕಟ್ಟಿಹಾಕಿದ್ದರು. ಗುಡಿಸಲಿಗೆ ಬೆಂಕಿ ಬಿದ್ದಿತು. ಕಟ್ಟಿದವರು ಓಡಲಾರದೆ 28 ಜನರು ಸುಟ್ಟು ಸತ್ತರು. ಸರಪಣಿಯು ಭಕ್ತಿಯೂ ಅಲ್ಲ, ಚಿಕಿತ್ಸೆಯೂ ಅಲ್ಲ. 2018ರ ಮೇ 29ರಿಂದ ಜಾರಿಗೆ ಬಂದಿರುವ ಮಾನಸಿಕ ಆರೋಗ್ಯ ಆರೈಕೆಯ 2017ನೆಯ ಕಾಯದೆಯು ಮನೋರೋಗಿಯನ್ನು ಯಾವ ರೀತಿಯಲ್ಲಿಯೇ ಆಗಲಿ ಸರಪಣಿಯಿಂದ ಬಂಧಿಸುವದನ್ನು ಸ್ಪಷ್ಟವಾಗಿ ನಿಷೇಧಿಸಿರುವದು. ಆತ್ಮಹತ್ಯೆಗೆ ಯತ್ನಿಸಿದವನು ತೀವ್ರವಾದ ಮನೋವೇದನೆಯಲ್ಲಿದ್ದನೆಂದೇ ಎಣಿಸಿ, ಅವನನ್ನು ದಂಡಿಸದೆ ಆರೈಕೆ ಮಾಡತಕ್ಕದ್ದೆಂದೂ ಅದೇ ಕಾಯದೆಯು ವಿಧಿಸಿದೆ.

ಕರೆತಂದ ರೋಗಿಯನ್ನು ಮಠದ ಪಡಸಾಲೆಯಲ್ಲಿ ಕುಳ್ಳಿರಿಸಿ, ಪ್ರಸಾದವನ್ನು ಕೊಟ್ಟು, ಮುಂದಿನ ದಾರಿಯನ್ನು ತೋರಿಸಬೇಕಾದ ಭಕ್ತರಿಗೆ ಆ ದಾರಿಯು ಯಾವುದೆಂಬುದು ತಿಳಿದಿರಬೇಕು. ಉತ್ತರದ ಜಿಲ್ಲೆಗಳವರಿಗೆ ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನಗಳ ಸಂಸ್ಥೆಯು ಸಮೀಪ, ದಕ್ಷಿಣದವರಿಗೆ ಬೆಂಗಳೂರು. ಜಿಲ್ಲೆಯ ಆಸ್ಪತ್ರೆಯಲ್ಲಿ ಮೊದಲು ವಿಚಾರಿಸುವದು ಎಲ್ಲರಿಗೂ ಅನುಕೂಲ. ಹೊರಡುವ ಮುನ್ನ ಮನೆಯಲ್ಲಿಯೇ ಕುಳಿತು ಕೇಳಬೇಕೆನ್ನುವವರಿಗೆ 2022ರ ಅಕ್ಟೋಬರ 10ರಂದು ಪ್ರಾರಂಭವಾದ ಟೆಲಿ ಮಾನಸ್ ಎಂಬ ಸೇವೆಯಿದೆ. ಅದರ ದೂರವಾಣಿಯ ಸಂಖ್ಯೆ 14416. ಹಗಲಿರುಳೂ ನಡೆಯುವದು, ಶುಲ್ಕವಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು. ಮೊದಲು ಮಾತನಾಡುವವನು ತರಬೇತಾದ ಸಲಹೆಗಾರನು. ಅವನಿಗೆ ಮೀರಿದ್ದನ್ನು ಮನೋವೈದ್ಯನಿಗೆ ಒಪ್ಪಿಸುವನು.